ಅಪ್ಪ ಎತ್ತಿದ ಭಂಡಾರ

“ಕೈ ಅಲ್ಲಾಡಸಬ್ಯಾಡಲೇ, ಕುರಿ ಕಾಯೋ ಸೂಳಿಮಗನ! ವಾತ ಹಿಡದ ಮುದಕನಂಗ ನಡಗ್ತೀ!”

ಹೀಗೆ ಬೈದ ಮಹಾಂತ ಸಾವಕಾರ ಬಿಳಿ ಅಂಗಿಯ ಕಾಲರು ಸರಿಮಾಡಿಕೊಂಡು, ಗಂಟಲು ಕೆರೆದು ಉಗುಳಿ, “ಹ್ಞಾಂ, ಒತ್ತು” ಅಂದ. ನಾನು ಫೋನಿನ ಗುಂಡಿ ಒತ್ತಿದೆ. ಆತನ ಮುಖವೇ ಬೇರೆಯಾಯಿತು. ಎರಡೂ ಕೈ ಜೋಡಿಸಿದ. “ನಮಸ್ಕಾರ ನನ್ನ ಬಡ ಬಾಂಧವರ. ಪೊಲೀಸರು ಬಡವನ ಮೈಮ್ಯಾಲ ಎಬ್ಬಿಸಿದ ಒಂದೊಂದು ಬಾಸುಂಡಿನೂ ಈ ಮಹಾಂತನ ಮೈಮ್ಯಾಲ ಎದ್ದಂಗ...”

ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. ಗಡಿಯೂರು ಜತ್ತದ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಡ್ರಿಪ್ ಪೈಪಿನ ಸುರುಳಿಗಳನ್ನು ನಾನೇ ಹೊತ್ತು ಒಟ್ಟಿದ ಗೋಡೆಯ ಮುಂದೆ ಆತ ನಿಂತಿದ್ದ. ಪೈಪು ಹೊತ್ತ ತೋಳು ನಡುಗದೆ ಇನ್ನೇನು ಮಾಡೀತು? ಫೋನಿನ ಮೂಲೆಯಲ್ಲಿ ನೋಡುವವರ ಸಂಖ್ಯೆ ಏರುತ್ತಿತ್ತು. ಎರಡು ಸಾವಿರ. ಮೂರು ಸಾವಿರ.

ಎರಡು ವರ್ಷದ ಹಿಂದೆ ಈತ ಬರೀ ಪೈಪಿನ ವ್ಯಾಪಾರಿ. ಒಂದು ದಿನ ನಾಕಾಬಂದಿಯಲ್ಲಿ ಪೊಲೀಸರು ಪೈಪು ತುಂಬಿದ ಗಾಡಿ ನಿಲ್ಲಿಸಿದರು. ಈತ ಎದುರುತ್ತರ ಕೊಟ್ಟ. ನಡುರಸ್ತೆಯಲ್ಲಿ, ತನ್ನ ಆಳುಗಳ ಕಣ್ಣೆದುರು, ಕುಂಡಿಯ ಮೇಲೆ ನಾಲ್ಕು ಲಾಠಿ ಬಿದ್ದವು. ಗಾಡಿಯ ಮೇಲೆ ಕುಳಿತಿದ್ದ ನಾನು ಅದನ್ನು ನನ್ನ ಒಡಕು ಫೋನಿನಲ್ಲಿ ಹಿಡಿದಿದ್ದೆ. ಸಂಜೆಯೊಳಗೆ ಅದನ್ನು ಲಕ್ಷಾಂತರ ಜನ ನೋಡಿದರು. ಆ ನಾಲ್ಕು ಏಟು ಸಾವಕಾರನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆತ ಹೆದರುವವನಲ್ಲ. ಕರಜಗಿಯ ಒಬ್ಬ ವಿಧವೆಯ ಮಗನನ್ನು ಮೂರು ದಿನ ಕೂಡಿಹಾಕಿ ಹೊಡೆದಾಗ ಈತ ಸ್ಟೇಶನ್ನಿನ ಬಾಗಿಲಲ್ಲಿ ಲೈವ್ ಮಾಡಿದ. ಒಬ್ಬ ಸಿಪಾಯಿ ಸಸ್ಪೆಂಡ್ ಆದ, ಹುಡುಗ ಮನೆಗೆ ಬಂದ. ಆಮೇಲೆ ಗೋಡೌನಿಗೆ ಎರಡು ಸಲ ತಪಾಸಣೆ ಬಂತು. ಈತ ಅದನ್ನೂ ಲೈವ್ ಮಾಡಿದ. ಫೋನು ಹಿಡಿಯುವ ಕೆಲಸ ನನಗೂ ಬೇಕಾಗಿತ್ತು. ಏಳನೆಯ ಇಯತ್ತೆಯಲ್ಲಿ ಕುರಿ ವಾಸನೆ ಅಂತ ಮಾಸ್ತರ ನನ್ನನ್ನು ಹೊಸ್ತಿಲ ಹೊರಗೆ ಕೂರಿಸಿದ್ದ. ಅಂದು ಎದ್ದು ಬಂದವನು ಮತ್ತೆ ಸಾಲಿಯ ಕಡೆ ತಿರುಗಲಿಲ್ಲ. ಅಂಥ ನನ್ನ ಕೈಯಲ್ಲಿ ಫೋನು ಕಂಡರೆ ಫೌಜದಾರ ದನಿ ತಗ್ಗಿಸುತ್ತಿದ್ದ. ಅವನನ್ನು ಬಿಟ್ಟರೆ ನನ್ನ ಮುಂದೆ ದನಿ ತಗ್ಗಿಸಿದ್ದು ನಮ್ಮ ನಾಯಿ ಮಾತ್ರ.

ನನ್ನ ಕಿಸೆಯಲ್ಲಿ ನನ್ನ ಫೋನು ಮೂರು ಸಲ ಗುರುಗುಟ್ಟಿತು. ಲೈವ್ ಮುಗಿದ ಮೇಲೆ ತೆಗೆದೆ. ಅವ್ವ, ಯಾರದೋ ಫೋನಿನಿಂದ.

“ಅಮೋಗಾ, ನಿಮ್ಮಪ್ಪನ್ನ ಮುಂಜಾನಿ ಜೀಪಿನಾಗ ಹಾಕ್ಕೊಂಡ ಹೋದ್ರೋ. ಪವನಚಕ್ಕಿ ತಾಮ್ರದ ವಾಯರ ಕಳುವಾಗೈತಂತ. ಅದರ ಬುಡಕ ಕುರಿ ತರಬಿದಾಂವ ನೀನ ಅಲ್ಲೇನಂತ ಕೊಳ್ಳಪಟ್ಟಿ ಹಿಡದು ಎಳದ್ರು. ಕುರಿ ಅಡವ್ಯಾಗ ನಿಂತಾವ. ಲಗೂನ ಬಾರೋ.”

ನಮ್ಮೂರು ಸನಮಡಿಯ ಮಾಳದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಆ ಪವನಚಕ್ಕಿಗಳ ನೆರಳು ಬಿಟ್ಟರೆ ಬೇರೆ ನೆರಳಿಲ್ಲ. ಮಧ್ಯಾಹ್ನ ಕುರಿಗಳು ಅದರ ಕಂಬದ ಬುಡದಲ್ಲಿ ತಲೆಗೆ ತಲೆ ಕೊಟ್ಟು ನಿಲ್ಲುತ್ತವೆ. ನೆರಳು ಸರಿದ ಹಾಗೆ ಅವೂ ಸರಿಯುತ್ತವೆ. ನಮ್ಮ ಅಪ್ಪ ತಮ್ಮಣ್ಣ ಮೂವತ್ತು ವರ್ಷ ತಾನೂ ಕುರಿಯ ಹಾಗೆ ಸರಿದವನು. ವಾಯರು ಯಾವ ಬಣ್ಣದ್ದು ಅಂತಲೂ ಅವನಿಗೆ ಗೊತ್ತಿಲ್ಲ.

ಸಾವಕಾರನಿಗೆ ಹೇಳಿದೆ. ಆತ ಒಂದು ಗಳಿಗೆ ತಡ ಮಾಡಲಿಲ್ಲ. ಗಿರಾಕಿಯನ್ನು ಅಲ್ಲೇ ಬಿಟ್ಟು ಗಾಡಿಯ ಕೀಲಿ ಎತ್ತಿಕೊಂಡ.

“ನಿಮ್ಮಪ್ಪಂದ್ರ ನಮ್ಮಪ್ಪ. ಗಾಡಿ ಹತ್ತು. ಇವತ್ತ ಅವರ ಅಂಗಿ ಬಿಚ್ಚಸ್ತೀನಿ.”

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನೂ ಬರೆಯಬೇಕು.

*

ಪೊಲೀಸ್ ಚೌಕಿ ಹೆದ್ದಾರಿಯ ಪಕ್ಕದಲ್ಲಿತ್ತು. ಎರಡು ಕೋಣೆ, ಒಂದು ಅಂಗಳ. ಗೇಟಿನ ಹೊರಗೆ ಅವ್ವ ಕಾಲು ಚಾಚಿ ಮಣ್ಣಲ್ಲಿ ಕುಳಿತಿದ್ದಳು. ನಾವು ಇಳಿಯುವುದಕ್ಕೂ ಅಪ್ಪ ಹೊರಗೆ ಬರುವುದಕ್ಕೂ ಸರಿಹೋಯಿತು. ಒಂದು ತೋಳು, ಊರಿನ ಪರವಾಗಿ ಚೌಕಿಗೆ ಓಡಾಡುವ ನಮ್ಮೂರ ಪೊಲೀಸ್ ಪಾಟೀಲ ರಾಮಲಿಂಗನ ಹೆಗಲ ಮೇಲಿತ್ತು. ಅಂಗಾಲು ಊರದೆ, ಪಾದದ ಅಂಚಿನ ಮೇಲೆ ನಡೆಯುತ್ತಿದ್ದ, ಕಾದ ಹಂಚಿನ ಮೇಲೆ ಹೆಜ್ಜೆ ಇಟ್ಟ ಹಾಗೆ. ಹಣೆಯ ತುಂಬ ಭಂಡಾರ, ನಮ್ಮ ಬೀರದೇವರ ಅರಿಸಿನ ಪುಡಿ. ಆಗಷ್ಟೇ ಹಚ್ಚಿದ್ದು, ಬೆವರಿಗೆ ಹಳದಿ ಮೂಗಿನ ತುದಿಗೆ ಇಳಿದಿತ್ತು.

ಸಾವಕಾರ ನನ್ನ ಕೈಗೆ ಫೋನು ತುರುಕಿ ಅಪ್ಪನ ಮುಂದೆ ನಿಂತ.

“ನೋಡ್ರಿ ಬಾಂಧವರ, ಒಬ್ಬ ಬಡ ಕುರುಬನ ಸ್ಥಿತಿ ನೋಡ್ರಿ. ಹೇಳ್ರಿ ತಮ್ಮಣ್ಣಕಾಕಾ, ಹೆದರಬ್ಯಾಡ್ರಿ. ಯಾರ ಹೊಡದ್ರು? ಎಲ್ಲಿ ಹೊಡದ್ರು?”

ಅಪ್ಪ ನನ್ನನ್ನು ನೋಡಿದ. ಫೋನನ್ನಲ್ಲ, ಅದರ ಹಿಂದಿದ್ದ ನನ್ನನ್ನು.

“ನಾ ಏನೂ ಹೇಳಂಗಿಲ್ರಿ.”

“ಜಗತ್ತು ನೋಡಾಕತ್ತೈತಿ ಕಾಕಾ!”

“ನೋಡ್ಲಿ. ನಾ ಹೇಳಂಗಿಲ್ಲ.”

ಬಾಗಿಲಲ್ಲಿ ಹವಾಲ್ದಾರ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ನಿಂತಿದ್ದ. ಅವನ ಹಣೆಯ ಮೇಲೂ ಹಳದಿ. ಅವನೂ ನಮ್ಮವನೇ, ಆಟಪಾಡಿ ಕಡೆಯ ಧನಗರ, ಅಂದರೆ ಮರಾಠಿ ಕುರುಬ. “ಕೇಳ್ರಿ ಶೇಟ್, ಚಲೋತ್ನಂಗ ಕೇಳ್ರಿ. ಚಹಾ ಕುಡಿಸಿ ಕಳಸೀವಿ,” ಅಂದ. ಫೋನಿನ ಮೂಲೆಯಲ್ಲಿ ಹನ್ನೊಂದು ಸಾವಿರ ಜನ. ನಗುವ ಮುಖಗಳು ಕೆಳಗಿನಿಂದ ಗುಳ್ಳೆ ಗುಳ್ಳೆಯಾಗಿ ಏಳತೊಡಗಿದವು. ಸಾವಕಾರ ನನ್ನ ಕೈಯಿಂದ ಫೋನು ಕಿತ್ತುಕೊಂಡ.

ಗಾಡಿಯಲ್ಲಿ ಅಪ್ಪನನ್ನು ಹಿಂದೆ ಕೂರಿಸಿದೆವು. ಸಾವಕಾರ ಹೆದ್ದಾರಿ ದಾಟಿಸಿದ. ಆಮೇಲೆ ಕನ್ನಡಿಯಲ್ಲಿ ನೋಡುತ್ತ ಕೇಳಿದ.

“ಎಷ್ಟ ಕೊಟ್ರೋ ಮುದಕಾ?”

ಅಪ್ಪ ಒಂದು ಪಾದ ಎತ್ತಿ ಸೀಟಿನ ಮೇಲಿಟ್ಟುಕೊಂಡ.

“ಹನ್ನೊಂದ ಸಾವಿರ ಮಂದಿ ಮುಂದ ನನ್ನ ಮಾನ ಕಳದಿ. ನಿನ್ನಂಥಾ ಹಲ್ಕಟ್ಟರ ಸಲವಾಗಿ ನಾ ಧಂದಾ ಬಿಟ್ಟ ಬೀದ್ಯಾಗ ನಿಂತೀನಿ. ಬಾಯಾಗ ಏನ್ ಹಿಕ್ಕಿ ತುಂಬ್ಯಾರ?”

“ಭಂಡಾರ ಎತ್ತೀನ್ರಿ ಸಾವಕಾರ್ರ,” ಅಂದ ಅಪ್ಪ. ಅಷ್ಟೇ ಅಂದ.

*

ರಾಮಲಿಂಗ ನನಗೆ ಆಮೇಲೆ ಹೇಳಿದ. ಮುಂಜಾನೆಯಿಂದ ಅಪ್ಪನನ್ನು ಬೆಂಚಿಗೆ ಮಗುಚಿ ಹಾಕಿ ಅಂಗಾಲಿಗೆ ಗಿರಣಿ ಪಟ್ಟಾದಿಂದ ಹೊಡೆದಿದ್ದರು. ಹಿಟ್ಟಿನ ಗಿರಣಿಯ ಅದೇ ರಬ್ಬರಿನ ಪಟ್ಟಾ. ಚರ್ಮ ಸೀಳುವುದಿಲ್ಲ, ನೋವು ಮೂಳೆಗೆ ಹೋಗುತ್ತದೆ. ವಾಯರು ಸಿಗಲಿಲ್ಲ, ಸಿಗುವುದೂ ಇಲ್ಲ ಅಂತ ಗೊತ್ತಾಯಿತು. ಅಷ್ಟರಲ್ಲಿ ಮಹಾಂತ ಹೊರಟಿದ್ದಾನೆ ಅಂತ ಯಾರೋ ಫೋನು ಮಾಡಿದರು. ಹವಾಲ್ದಾರ ತನ್ನ ಕಿಸೆಯಿಂದಲೇ ಭಂಡಾರದ ಪುಡಿಕೆ ತೆಗೆದ.

“ಯಾವ ಕಾಗದಾನೂ ಬ್ಯಾಡ. ನಾವಿಬ್ರೂ ಬೀರದೇವರ ಮಕ್ಕಳು. ನೀ ಎತ್ತು, ಚೌಕ್ಯಾಗ ಆದದ್ದು ನಿನ್ನ ಬಾಯಿಂದ ಹೊರಗ ಬೀಳೂದಿಲ್ಲಂತ. ನಾ ಎತ್ತತೀನಿ, ನಿನ್ನ ಮ್ಯಾಲ ಕೇಸ ಬೀಳೂದಿಲ್ಲಂತ.”

ಇಬ್ಬರೂ ಎತ್ತಿದರು. ನಡುವೆ ರಾಮಲಿಂಗ ಸಾಕ್ಷಿ.

ನಮ್ಮಲ್ಲಿ ಕೋರ್ಟು ಅಂದರೆ ಅದೇ. ಎರಡು ಹಿಂಡು ಬೆರೆತು ಒಂದು ಕುರಿಗೆ ಇಬ್ಬರು ಜಗಳಕ್ಕೆ ನಿಂತರೆ, ಒಬ್ಬ ಅಂಗೈಯಲ್ಲಿ ಭಂಡಾರ ಎತ್ತಿ ‘ನಂದು’ ಅಂತಾನೆ. ಇನ್ನೊಬ್ಬ ಕೋಲು ಹೆಗಲಿಗೇರಿಸಿ ಹೋಗಿಬಿಡುತ್ತಾನೆ. ಸುಳ್ಳು ಎತ್ತಿದವನನ್ನು ಅಪ್ಪ ಕಂಡಿರಲಿಲ್ಲ. ಹಳದಿ ಹಣೆಯ ಪೊಲೀಸನ ಮುಂದೆ ಅವನು ಹಣೆ ನೋಡಿದ, ಖಾಕಿ ಅಂಗಿ ನೋಡಲಿಲ್ಲ.

ಅವ್ವ ಗುರವ್ವ ಮೂರು ದಿನ ಉಪ್ಪಿನ ಗಂಟು ಕಾಸಿ ಅಪ್ಪನ ಅಂಗಾಲಿಗೆ ಒತ್ತಿದಳು. ಪಾದಗಳು ಬಾತು ಬದನೆಕಾಯಿಯಾಗಿದ್ದವು. ದಿನಕ್ಕೆ ಆರು ಹರದಾರಿ ನಡೆಯುವವನು ಮಗುವಿನ ಹಾಗೆ ಅಂಬೆಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದ. ಕುರಿ ಹೊಡೆದುಕೊಂಡು ನಾನು ಹೋದೆ. ಸಾವಕಾರನ ಫೋನು ಬಂತು.

“ಅಮೋಗಾ, ಸಿಟ್ಟಿನ್ಯಾಗ ಒಂದ ಮಾತ ಅಂದೆ, ಬಿಡು. ಅಂವ ಹೇಳಬ್ಯಾಡ. ಅಂಗಾಲಿನ ಫೋಟೊ ಒಂದ ತಗದ ಕಳಸು. ಮುದುಕ ಮಲಗಿದಾಗ ತಗಿ. ಎಂಟು ದಿವಸದಾಗ ಹವಾಲ್ದಾರನ ಪಟ್ಟಾ ಅವನ ಸೊಂಟಕ್ಕ ಇರಂಗಿಲ್ಲ, ನೋಡು.”

ಅದು ನಿಜವೂ ಆಗಬಹುದಿತ್ತು. ಮಧ್ಯಾಹ್ನ ನಾನು ಮನೆಗೆ ಬಂದಾಗ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನು ಮೊಣಕಾಲೂರಿ ಫೋನು ಅಂಗಾಲಿನ ಹತ್ತಿರ ಒಯ್ದೆ. ಅದರೊಳಗೆ ಆ ಪಾದ ಇನ್ನೂ ದೊಡ್ಡದಾಗಿ ಕಂಡಿತು, ಸೀಳುಗಳಲ್ಲಿ ಹಳೆಯ ಮಣ್ಣು, ಮೇಲೆ ಹೊಸ ಕಪ್ಪು. ನನ್ನ ಬೆರಳು ಗುಂಡಿಯ ಮೇಲಿತ್ತು. ಅಪ್ಪ ತಿರುಗಲಿಲ್ಲ. ಕಾಲಿನ ಬೆರಳಿಂದ ಕಂಬಳಿಯ ಅಂಚು ಹಿಡಿದು ಎಳೆದು ಪಾದ ಮುಚ್ಚಿಕೊಂಡ.

ನಾನು ಎದ್ದು ಬಂದೆ. ಫೋಟೊ ಇಲ್ಲರಿ ಅಂತ ಸಾವಕಾರನಿಗೆ ಹೇಳಿದೆ.

ಮರುದಿನ ಆತನ ಹೊಸ ವಿಡಿಯೊ ಬಂತು. ಯಾರು ಫೋನು ಹಿಡಿದಿದ್ದರೋ, ಕೈ ಅಲ್ಲಾಡಿರಲಿಲ್ಲ. ಚೌಕಿಯ ಬಾಗಿಲಲ್ಲಿ ಅಪ್ಪ ‘ಹೇಳಂಗಿಲ್ಲ’ ಅನ್ನುವುದನ್ನು ಮೂರು ಸಲ ತಿರುಗಿಸಿ ತೋರಿಸಿ, ಸಾವಕಾರ ತಲೆ ತೂಗುತ್ತ ಹೇಳಿದ, “ಬಾಂಧವರ, ನನ್ನ ಹೋರಾಟ ಸೋತಿಲ್ಲ. ಆದ್ರ ಬಡವನ ಬಾಯಿ ಖರೀದಿ ಆತು. ಪೊಲೀಸರ ರೊಕ್ಕ ತಿಂದ ಈ ಮುದುಕನ ಮ್ಯಾಲೂ ನನಗ ಸಿಟ್ಟಿಲ್ಲ. ಕರುಣೆ ಐತಿ.”

ಕರುಣೆಯ ಕೆಳಗೆ ಸಾವಿರಾರು ಮಂದಿ ಬರೆದಿದ್ದರು. ಮಾರಿಕೊಂಡವನು. ಇಂಥ ಕುರಿಗಳಿಂದಲೇ ಪೊಲೀಸರು ಕೊಬ್ಬಿರೋದು. ಇವನಿಗೆ ಇನ್ನೂ ನಾಲ್ಕು ಬೀಳಬೇಕಿತ್ತು. ನಾನು ಒಂದೊಂದೇ ಓದಿದೆ. ಓದಲಿಕ್ಕೆ ಏಳನೆಯ ಇಯತ್ತೆ ಸಾಕು.

ತನ್ನ ಹೊಲದಲ್ಲಿ ಗೊಬ್ಬರಕ್ಕೆ ರಾತ್ರಿ ಕುರಿ ತರುಬಿ ನಿಲ್ಲಿಸಲು ಒಪ್ಪಿದ್ದ ಡಫಳಾಪುರದ ರೈತ ಫೋನು ಮಾಡಿದ. “ಬ್ಯಾಡೋ ತಮ್ಮಾ, ಈ ವರ್ಷ ಬ್ಯಾಡ. ನಿಮ್ಮಪ್ಪ ಪೊಲೀಸರಿಗಿ ಭಾಳ ಬೇಕಾದಾಂವ ಆಗ್ಯಾನಂತ.” ನಗುತ್ತಲೇ ಅಂದ. ಅವ್ವ ನೀರಿಗೆ ಹೋದಲ್ಲಿ ಹೆಂಗಸರು ಕೊಡ ಸರಿಸಿ ದಾರಿ ಬಿಟ್ಟರಂತೆ, ಸಾಹೇಬರ ಹೆಂಡತಿಗೆ ಬಿಟ್ಟ ಹಾಗೆ.

ಎಂಟನೆಯ ದಿನ ಹವಾಲ್ದಾರ ಮೋಟಾರುಸೈಕಲ್ಲಿನಲ್ಲಿ ಬಂದ. ಕೈಯಲ್ಲಿ ಕಾಗದ. ಗಾಡಿಯಿಂದ ಇಳಿಯಲಿಲ್ಲ.

“ಏ ಮುದಕಾ, ಹೆಬ್ಬೆಟ್ಟ ಒತ್ತು. ನೋಟೀಸ ಐತಿ. ವಾಯರ ಕೇಸಿನಾಗ ನಿನ್ನ ಹೆಸರ ಹೋಗೇತಿ.”

ಅಪ್ಪ ಕಂಬ ಹಿಡಿದು ಎದ್ದ. “ಕೇಸ ಆಗೂದಿಲ್ಲಂತ ಎತ್ತಿದ್ರೆಲ್ಲರಿ.”

“ಕಂಪನಿಯವ್ರ ಒತ್ತಡ. ಸಾಹೇಬ್ರು ಕೇಳವಲ್ರು. ನಾ ಏನ್ ಮಾಡ್ಲಿ?”

“ಭಂಡಾರ ಎತ್ತಿದ್ರಿ.”

“ಭಂಡಾರ ಹಣಿಗಿ ಹಚ್ಚಾಕ, ಫೈಲಿಗಿ ಹಚ್ಚಾಕಲ್ಲ. ಒತ್ತಲೇ ಬೋಳಿಮಗನ, ಬಿಸಲಾಗ ನಿಂದರಸಬ್ಯಾಡ.” ನನ್ನ ಕಡೆ ತಿರುಗಿದ. “ಇಂವ ಏನ್ ನೋಡ್ತಾನ? ಫೋನ ಎಲ್ಲಿ ನಿಂದು? ತಗಿ, ವಿಡಿಯೊ ಮಾಡು. ನಿಮ್ಮ ಶೇಟ್ ಹಾಕಂಗಿಲ್ಲ ಈಗ.”

ಅಪ್ಪ ಒತ್ತಿದ. ಹವಾಲ್ದಾರ ಹೋಗುವಾಗ ಗಾಡಿಯ ಮೇಲಿಂದಲೇ ದೊಡ್ಡಿಯ ಬಾಗಿಲಲ್ಲಿದ್ದ ಟಗರಿನ ಬೆನ್ನು ಅಮುಕಿ ನೋಡಿ, “ಮಾಂಸ ಹಿಡದೈತಿ,” ಅಂತ ಅಂದುಕೊಂಡೇ ಹೋದ.

ನಾನು ಕೂಗಾಡಿದೆ. “ಅಂವ ಆಣಿ ಮುರದಾನ! ಇನ್ನ ನಿಂದೂ ಮುರದಂಗ. ಹೇಳಪಾ! ಈಗ ಹೇಳು, ನಾ ಹಿಡೀತೀನಿ, ನನ್ನ ಫೋನಿನಾಗ ಹಿಡೀತೀನಿ!”

“ಅಂವ ಮುರದ್ರ ಅವಂಗ,” ಅಂದ ಅಪ್ಪ. “ನನ್ನ ಮಾತು ಅವನ ಕಿಸೆದಾಗ ಇಲ್ಲ.”

“ಊರ ಮಂದಿ ನಿನಗ ಕಳ್ಳ ಅಂತಾರ! ರೊಕ್ಕ ತಿಂದಾಂವ ಅಂತಾರ!”

“ಅನಲಿ.”

ಅವ್ವ ಒಲೆಯ ಮುಂದಿನಿಂದ ಅಂದಳು, “ನಿನ್ನ ದೇವ್ರು ನಿನ್ನ ಬಾಯಿಗಿ ಅಷ್ಟ ಬೀಗ ಹಾಕ್ಯಾನೇನು? ಅವರ ಬಾಯಿಗಿ ಯಾರ ಹಾಕವರು?”

ಅಪ್ಪ ಅವಳ ಕಡೆ ತಿರುಗಿ, ಸೊಂಟದ ಭಂಡಾರದ ಚೀಲ ಮುಟ್ಟಿ ನೋಡಿಕೊಂಡ.

*

ಮರುದಿನ ಹೊತ್ತು ಮೂಡಿದ ಮೇಲೆ ಅಪ್ಪ ಅಂಗಾಲಿಗೆ ಹಳೆ ಕಂಬಳಿಯ ತುಂಡು ಸುತ್ತಿ, ಮೇಲೆ ಮೆಟ್ಟು ಕಟ್ಟಿಕೊಂಡ. ಕೋಲು ಹಿಡಿದು ದೊಡ್ಡಿಯ ಬಾಗಿಲು ತೆಗೆದ. ನಾನು ಹೋಗುತ್ತೇನೆ ಅಂದರೆ ಕೇಳಲಿಲ್ಲ. ನಾಲಗೆ ಮಡಚಿ ಒಂದು ಸೀಟಿ ಹೊಡೆದ. ನಮ್ಮ ಕುರಿಗಳಿಗೆ ಆ ಸೀಟಿಯೇ ಲಗಾಮು. ನಾನು ಎಷ್ಟು ಒದರಿದರೂ ಅರ್ಧ ಕೇಳುತ್ತವೆ, ಅರ್ಧ ಬಿಡುತ್ತವೆ. ಅಪ್ಪನ ಸೀಟಿಗೆ ಹಿಂಡೆಲ್ಲ ಒಂದೇ ಮೈಯಾಗಿ ತಿರುಗುತ್ತದೆ.

ಮಾಳಕ್ಕೆ ಹೋಗಲಿಲ್ಲ. ಹೆದ್ದಾರಿ ಹಿಡಿದ. ನಾನು ಹಿಂದೆ, ಅವ್ವ ಅದರ ಹಿಂದೆ. ಕುರಿಯ ನಡಿಗೆಗಿಂತ ಅಪ್ಪನ ನಡಿಗೆ ನಿಧಾನವಾಗಿತ್ತು. ಕುರಿಗಳೇ ನಿಂತು ನಿಂತು ಅವನನ್ನು ಕಾದವು. ಚೌಕಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಯ ಹತ್ತಿರ. ಗೇಟು ತೆರೆದಿತ್ತು. ಅಪ್ಪ ಸೀಟಿ ಹೊಡೆದ. ನೂರೆಂಬತ್ತು ಕುರಿ ಚೌಕಿಯ ಅಂಗಳಕ್ಕೆ ನುಗ್ಗಿದವು. ಕಟ್ಟೆ ಹತ್ತಿದವು, ತುಳಸಿ ಕುಂಡ ಬೀಳಿಸಿದವು, ಜಪ್ತಿ ಮಾಡಿ ನಿಲ್ಲಿಸಿದ ಗಾಡಿಗಳ ಸೀಟು ಮೂಸಿದವು. ತುಂಬಿ ಉಳಿದವು ಗೇಟಿನಲ್ಲಿ, ರಸ್ತೆಯ ಅರ್ಧದ ತನಕ ನಿಂತವು.

ಹವಾಲ್ದಾರ ಬನಿಯನ್ನಿನಲ್ಲಿ ಓಡಿ ಬಂದ. “ಏ! ಏ ಭಾಡಕಾವ್! ಹೊರಗ ಹಾಕ! ಹೊರಗ ಹಾಕ ಇವುನ್ನ!”

ಅಪ್ಪ ಕಟ್ಟೆಯ ಹತ್ತಿರ ಹೋಗಿ, ಸೊಂಟದ ಚೀಲದಿಂದ ಒಂದು ಹಿಡಿ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದು ಚಾಚಿದ.

“ನಾ ಏನೂ ಹೇಳಾಕ ಬಂದಿಲ್ರಿ. ಎತ್ತೀನಿ, ಹೇಳಂಗಿಲ್ಲ. ನೀವು ಎತ್ರಿ. ಎತ್ತಿ ಒಂದ ಮಾತ ಅನ್ರಿ, ವಾಯರ ಕದ್ದಾಂವ ಈ ತಮ್ಮಣ್ಣ ಅಂತ. ಅಂದ್ರ ನಾನ ಒಳಗ ಬಂದು ಕುಂದರ್ತೀನಿ. ಕೋರ್ಟ ಬ್ಯಾಡ, ಕಚೇರಿ ಬ್ಯಾಡ.”

ಹವಾಲ್ದಾರ ಗೇಟಿನ ಕಡೆ ನೋಡಿದ. ರಸ್ತೆಯಲ್ಲಿ ಬಸ್ಸು ನಿಂತಿತ್ತು, ಜನ ಇಳಿದು ಗೋಡೆಗೆ ಒತ್ತಿ ನೋಡುತ್ತಿದ್ದರು. ಅವರಲ್ಲಿ ತಲೆಗೆ ರುಮಾಲು ಸುತ್ತಿದ ನಾಲ್ಕು ಮಂದಿ ಕುರುಬರೂ ಇದ್ದರು. ಒಬ್ಬ ಮುದುಕ ಅಂದ, “ಎತ್ರಿ ಹವಾಲ್ದಾರ್ರ. ಖರೇ ಇದ್ರ ಎತ್ತಾಕ ಏನ್ ಧಾಡಿ?”

ಹವಾಲ್ದಾರನ ಬಲಗೈ ಸೊಂಟದ ತನಕ ಬಂತು. ಅಲ್ಲಿಂದ ಪ್ಯಾಂಟಿಗೆ ಒರೆಸಿಕೊಂಡಿತು. ಒಳಗೆ ಹೋದವನು ಫೋನಿನಲ್ಲಿ “ಸಾಹೇಬ, ಲವಕರ ಯಾ,” ಬೇಗ ಬನ್ನಿ ಅಂತ ಮರಾಠಿಯಲ್ಲಿ ಕರೆಯುವುದು ಕೇಳಿಸಿತು. ಮತ್ತೆ ಹೊರಗೆ ಬಂದ. ಅಪ್ಪನ ಕೈ ಅಲ್ಲೇ ಇತ್ತು.

ಅಷ್ಟರಲ್ಲಿ ಮಹಾಂತ ಸಾವಕಾರ ಬಂದ. ಯಾರು ಸುದ್ದಿ ಕೊಟ್ಟರೋ. ಕುರಿಗಳ ನಡುವೆ ಬಿಳಿ ಪ್ಯಾಂಟು ಎತ್ತಿಕೊಂಡು ಹಾರುತ್ತ ಬಂದವನು, ರೂಢಿಯ ಹಾಗೆ ಫೋನು ನನ್ನ ಕೈಗೆ ಕೊಟ್ಟ.

“ವ್ಹಾ ತಮ್ಮಣ್ಣಕಾಕಾ, ವ್ಹಾ! ಇದು ನೋಡು ಕ್ರಾಂತಿ! ಒತ್ತಲೇ ಅಮೋಗಾ, ಒತ್ತು. ಕುರಿ ಎಲ್ಲಾ ಬರಬೇಕು ಫ್ರೇಮಿನ್ಯಾಗ.”

ಒತ್ತಿದೆ. ಸಾವಕಾರ ಅಪ್ಪನ ಪಕ್ಕ ನಿಂತು ಹೆಗಲ ಮೇಲೆ ಕೈ ಹಾಕಿದ. “ನಮಸ್ಕಾರ ಬಾಂಧವರ. ನಾ ಎಬ್ಬಿಸಿದ ದನಿ ಇವತ್ತ...”

“ಸಾವಕಾರ್ರ,” ಅಂದೆ ನಾನು.

ಲೈವಿನ ನಡುವೆ ನಾನು ಯಾವತ್ತೂ ಮಾತಾಡಿದವನಲ್ಲ. ಆತ ಕಣ್ಣು ಬಿಟ್ಟ.

“ಸಾವಕಾರ್ರ, ನೀವೂ ಎತ್ರಿ. ನಮ್ಮಪ್ಪ ಪೊಲೀಸರ ರೊಕ್ಕ ತಿಂದಾನಂತ ಇದರಾಗ ಹೇಳಿದ್ರೆಲ್ಲ. ಅದನ್ನ ಭಂಡಾರ ಎತ್ತಿ ಅನ್ರಿ. ಮಂದಿ ನೋಡಾಕತ್ತಾರ. ಎಂಟು ಸಾವಿರ ಆಗ್ಯಾರ.”

“ಬಂದ್ ಮಾಡಲೇ.”

“ಎತ್ರಿ.”

“ಬಂದ್ ಮಾಡೋ, ಉಂಡ ಮನಿ ಜಂತಿ ಎಣಸೋ ಸೂಳಿಮಗನ! ಫೋನ ನಂದದು!”

“ಫೋನ ನಿಮ್ದ. ಅಪ್ಪ ನನ್ನಾಂವ.”

ಆತ ಕಿತ್ತುಕೊಳ್ಳಲು ಕೈ ಹಾಕಿದ. ನಮ್ಮ ನಡುವೆ ಮೂವತ್ತು ಕುರಿ ಇದ್ದವು. ಹಿಂದೆ ಸರಿದೆ, ಆತ ಟಗರಿಗೆ ಎಡವಿ ಕಂಬ ಹಿಡಿದ. “ಅದ ನಮ್ಮ ದೇವರಲ್ಲ, ನಾವು ಲಿಂಗಾಯತ್ರು, ನಾ ಯಾಕ ಎತ್ತಲಿ,” ಅಂತ ಫೋನಿಗೆ ಹೇಳಿದ. ಆಮೇಲೆ ನಗಲು ನೋಡಿದ. ಗೋಡೆಯಾಚೆಯ ಜನ ನಗಲಿಲ್ಲ. ಅವ್ವ ಮುಂದೆ ಬಂದು, “ನಿಮ್ಮ ದೇವರ ಮ್ಯಾಲರ ಆಣಿ ಮಾಡ್ರಿ. ಕೊಳ್ಳಾಗಿನ ಲಿಂಗಾ ಮುಟ್ಟಿ ಅನ್ರಿ,” ಅಂದಳು. ಆತನ ಕೈ ಅಂಗಿಯ ಗುಂಡಿಯ ತನಕ ಹೋಗಿ ಅಲ್ಲೇ ಕುಳಿತಿತು.

ನಾನು ಫೋನಿನಲ್ಲಿ ಮೂವರನ್ನೂ ಹಿಡಿದೆ. ಬನಿಯನ್ನಿನ ಹವಾಲ್ದಾರ, ಬಿಳಿ ಅಂಗಿಯ ಸಾವಕಾರ, ನಡುವೆ ಅಪ್ಪ. ಅವನ ತೋಳು ಈಗ ಜೋರಾಗಿ ನಡುಗುತ್ತಿತ್ತು. ಅಂಗೈಯ ಅಂಚಿನಿಂದ ಹಳದಿ ಉದುರಿ ಒಂದು ಮರಿಯ ಬೆನ್ನ ಮೇಲೆ ಬೀಳುತ್ತಿತ್ತು. ಸುತ್ತಿದ ಕಂಬಳಿಯ ತುಂಡು ಒದ್ದೆಯಾಗಿ ಮೆಟ್ಟಿನ ಹೊರಗೆ ಬಂದಿತ್ತು. ಅದನ್ನು ನಾನು ತೋರಿಸಲಿಲ್ಲ.

ರಸ್ತೆಯಲ್ಲಿ ಫೌಜದಾರನ ಜೀಪು ಬಂತು. ಹಾರ್ನು ಹೊಡೆಯಿತು. ಗೇಟಿನ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೆಲುಕು ಹಾಕಿದವು. ಇನ್ನೊಂದು ಹಾರ್ನು. ಇಬ್ಬರು ಸಿಪಾಯಿಗಳು ಇಳಿದು ಲಾಠಿಯಿಂದ ತಿವಿದರು. ಮುಂದಿನವು ಹಿಂದಿನವುಗಳಿಗೆ ಒತ್ತಿ ಇನ್ನೂ ಗಟ್ಟಿಯಾದವು.

“ಕುರಿ ತಗಸಲೇ ಮುದಕಾ! ಸಾಹೇಬ್ರು ಬಂದಾರ! ಸೀಟಿ ಹೊಡಿ!” ಹವಾಲ್ದಾರ ಅಪ್ಪನ ಕಿವಿಯಲ್ಲಿ ಕಿರುಚಿದ.

ಅಪ್ಪ ತುಟಿ ಬಿಗಿಹಿಡಿದು ನಿಂತ. ಜೀಪಿನ ಹಾರ್ನು ನಿಲ್ಲದೆ ಒದರತೊಡಗಿತು. ಲಾಠಿ ಹಿಡಿದವರು ಕುರಿಗಳ ಬೆನ್ನ ಮೇಲೆ ಹೊಡೆಯುತ್ತ, ಒಂದೊಂದೇ ಹೆಜ್ಜೆ, ಅಪ್ಪನ ಕಡೆ ಬರುತ್ತಿದ್ದರು.